ನೋವಿನಿಂದ ತಡೆದು

ಮಂಗಳವಾರ, ಮಧ್ಯಾಹ್ನ
ಸಿಬ್ಬಂದಿ ಕೊಠಡಿ

ಮಹಾರಾಜಶ್ರೀ ಯೋಜನಾಧಿಕಾರಿಗಳ ಸನ್ನಿಧಾನಕ್ಕೆ, ಅರ್ಥಾತ್ ಇದೇ ಕಾಲೇಜಿನ ಮೇಲಿನ ಮಹಡಿಯಲ್ಲಿ ಕೂರುವ ನನ್ನ ಗಂಡನಿಗೆ,

ಇತ್ತ ಕಡೆ ಎಲ್ಲರೂ ಕ್ಷೇಮ ಎಂದು ಶುರು ಮಾಡುವುದು ಪದ್ಧತಿ. ಕ್ಷೇಮವಾಗಿರುವವರು ನಿಮ್ಮ ತಾಯಿ ಒಬ್ಬರೇ. ಮಗ ಮನೆ ಬಿಟ್ಟು ಹೋದರೂ ಸೊಸೆಯ ಮನೆ ಬಿಡದೆ, ಹೊತ್ತು ಹೊತ್ತಿಗೆ ನನ್ನನ್ನು ಗದರಿಸಿಕೊಂಡು ಗುಂಡುಕಲ್ಲಿನ ಹಾಗಿದ್ದಾರೆ. ನಾನು ಕ್ಷೇಮವಾಗಿಲ್ಲ. ನನಗೆ ಅನುಮಾನ ಬಂದಿದೆ. ಅನುಮಾನ ಬಂದ ಹೆಂಗಸು ಅನ್ನ ನೀರು ಬಿಟ್ಟು ಕೂದಲು ಬಿಚ್ಚಿಕೊಂಡು ಓಡಾಡುತ್ತಾಳೆ ಎಂದು ನಿಮ್ಮ ನಾಟಕಗಳಲ್ಲಿ ಬರೆಯುತ್ತಿದ್ದಿರಿ. ಸುಳ್ಳು! ಅವಳು ಹೊಟ್ಟೆ ತುಂಬ ಊಟ ಮಾಡಿ, ಕೈ ತೊಳೆದು, ಬಾಗಿಲು ಮುಂದೆ ಮಾಡಿಕೊಂಡು ಕಾಗದ ಬರೆಯುತ್ತಾಳೆ.

ಫೋನು ಮಾಡಬಹುದಿತ್ತು. ಫೋನಿನಲ್ಲಿ ನಾವಿಬ್ಬರು ಬಾಯಿ ತೆರೆದರೆ ಜಗಳ. ಕಾಗದದಲ್ಲೂ ಜಗಳವೇ, ಆದರೆ ವ್ಯಾಕರಣವಾದರೂ ಇರುತ್ತದೆ. ಮೆಟ್ಟಿಲು ಹತ್ತಿ ಬರೋಣವೆಂದರೆ, ನಿಮ್ಮ ಕಚೇರಿಯ ಮೆಟ್ಟಿಲು ತುಳಿಯುವುದಿಲ್ಲ ಎಂದು ನೀವು ಹೊರಟ ದಿನವೇ ಶಪಥ ಮಾಡಿದ್ದೇನೆ. ಆದ್ದರಿಂದ ನಿಮ್ಮ ತಾಯಿಯೇ ನಮ್ಮ ಅಂಚೆ. ಮಗನ ಮುಖ ನೋಡಲು ಬರುವಾಗ ಇದನ್ನು ಕೈಚೀಲದಲ್ಲಿ ತರುತ್ತಾರೆ. ದಾರಿಯಲ್ಲಿ ಓದುವುದಿಲ್ಲ ಎಂದು ಮಾತು ಕೊಟ್ಟಿದ್ದಾರೆ. ಓದುತ್ತಾರೆ. ಅತ್ತೆ, ಓದಿ ಮುಗಿಸಿದ ಮೇಲೆ ಮೊದಲಿದ್ದ ಹಾಗೇ ಮಡಚಿಡಿ.

ಇನ್ನು ಪರದೆ ಏಳಲಿ!

ಕಳೆದ ಶುಕ್ರವಾರ ಬೆಳಿಗ್ಗೆ ಸಭಾಂಗಣಕ್ಕೆ ಕಾಲಿಟ್ಟ ಕೂಡಲೇ ನನ್ನ ಎದೆ ಧಸಕ್ಕೆಂದಿತು. ಬೆಂಚುಗಳು ಮಾಯ! ಎಲ್ಲಿ ನೋಡಿದರೂ ದುಂಡು ಮೇಜುಗಳು! ಮೇಜಿನ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ತಟ್ಟೆ, ತಟ್ಟೆಯಲ್ಲಿ ಬಿಸ್ಕತ್ತು, ಅದೂ ನಡುವೆ ಕ್ರೀಮು ಇರುವ ಬಿಸ್ಕತ್ತು! ಸೀಮೆಸುಣ್ಣ ಬೇಕೆಂದರೂ ಅರ್ಜಿ ಬರೆಸಿಕೊಳ್ಳುವ ಆಡಳಿತ ಕೇಳದೆಯೇ ಕ್ರೀಮು ಬಿಸ್ಕತ್ತು ಇಟ್ಟಿದೆ ಎಂದರೆ, ಇವತ್ತು ಯಾರ ಕುತ್ತಿಗೆಗೆ ಬಂತು ಎಂದು ಹುಡುಕಬೇಕು. ಹುಡುಕಿದೆ. ಸಂಜೆ ವಿಭಾಗದವರಿಗೆ ಬಾಗಿಲ ಪಕ್ಕದ ಒಂದೇ ಮೇಜು. ಆ ಮೇಜಿಗೆ ನಾನೊಬ್ಬಳೇ ಯಜಮಾನಿ. ಉಳಿದವರು ಹಗಲೆಲ್ಲ ಬೇರೆ ಕಡೆ ದುಡಿದು ಸಂಜೆ ಇಲ್ಲಿ ಪಾಠ ಮಾಡಲು ಬರುವವರು. ಸಭೆ ಕರೆದದ್ದು ಬೆಳಿಗ್ಗೆ. ಇದನ್ನು ಯಾರೂ ಗಮನಿಸಲಿಲ್ಲವೋ, ಗಮನಿಸಿಯೇ ಹಾಗೆ ಮಾಡಿದರೋ?

ವೇದಿಕೆಯ ಮೇಲೆ ಬಟ್ಟೆ ಕಟ್ಟಿ ದೊಡ್ಡ ಅಕ್ಷರದಲ್ಲಿ ಬರೆಸಿದ್ದಿರಿ: ‘ದೂರದೃಷ್ಟಿ ಯೋಜನೆ. ಸಿಬ್ಬಂದಿಯೇ ರೂವಾರಿಗಳು.’ ಇದನ್ನು ಮನೆಯಲ್ಲಿ ಹೇಳಿದಾಗ ನಿಮ್ಮ ತಾಯಿ ಹುಬ್ಬೇರಿಸಿ ಅಂದರು: “ದೂರದೃಷ್ಟಿನಾ? ನಂಗೂ ಕಣ್ಣಿನ ಡಾಕ್ಟರು ಅದೇ ಹೇಳಿದ್ದು ಕಣೇ. ಅದು ಬಂದ್ರೆ ಹತ್ತಿರದವ್ರು ಕಾಣಲ್ಲ.” ಮಗನ ಬಗ್ಗೆ ಹೇಳಿದರೋ ಕನ್ನಡಕದ ಬಗ್ಗೆಯೋ, ನಾನು ಕೇಳಲಿಲ್ಲ.

ಪ್ರಾಂಶುಪಾಲರು ಎದ್ದು ನಿಂತು, “ಈ ಕಾಲೇಜು ಮುಂದೆ ಹೇಗಿರಬೇಕು ಅಂತ ಹೇಳೋರು ನೀವು. ನಾನಿಲ್ಲಿ ಬರೀ ಕಿವಿ” ಎಂದರು. ಆ ಕಿವಿ ಟೀ ಆರಿ ತಣ್ಣಗಾಗುವವರೆಗೂ ಮಾತಾಡಿತು. ಆಮೇಲೆ ಹೊರಗಿನಿಂದ ಕರೆಸಿದ ಸಲಹೆಗಾರ ಮಹಾಶಯನ ರಂಗಪ್ರವೇಶ. ಅವನಿಗೆ ನಾವು ಚೀಟಿರಾಯ ಎಂದು ಹೆಸರಿಟ್ಟಿದ್ದೇವೆ. ಜೇಬಿನಿಂದ ಬಣ್ಣಬಣ್ಣದ ಅಂಟುಚೀಟಿಗಳನ್ನು ಇಸ್ಪೀಟೆಲೆಯ ಹಾಗೆ ಹಂಚುತ್ತಾನೆ. ಕನಸುಗಳನ್ನು ಹಳದಿ ಚೀಟಿಯಲ್ಲಿ ಬರೆಯಬೇಕಂತೆ, ಭಯಗಳನ್ನು ಗುಲಾಬಿಯಲ್ಲಿ. ನಾನು ಗುಲಾಬಿ ಚೀಟಿಯಲ್ಲಿ ‘ಸಂಜೆ ವಿಭಾಗವನ್ನು ಮುಚ್ಚುತ್ತೀರಾ?’ ಎಂದು ಬರೆದು, ಎಲ್ಲರೆದುರು ನಡೆದು ಹೋಗಿ ಗೋಡೆಗೆ ಅಂಟಿಸಿ ಬಂದೆ. ಟೀ ಕುಡಿದು ಬರುವಷ್ಟರಲ್ಲಿ ನನ್ನ ಭಯ ಗೋಡೆಯ ಮೇಲಿರಲಿಲ್ಲ. ಚೀಟಿರಾಯನನ್ನು ಕೇಳಿದರೆ, “ಗೋಂದು ಸರಿ ಇರ್ಲಿಲ್ಲ ಅನ್ಸುತ್ತೆ ಮೇಡಂ.” ಅಷ್ಟು ಚೀಟಿಗಳಲ್ಲಿ ಗೋಂದು ಕೈಕೊಟ್ಟದ್ದು ನನ್ನದೊಂದಕ್ಕೇ!

ಇಷ್ಟರವರೆಗೆ ಅನುಮಾನ ಮಾತ್ರ. ಸಾಕ್ಷಿ ಸಿಕ್ಕಿದ್ದು ಆಮೇಲೆ.

ಭೌತಶಾಸ್ತ್ರದವರು ಎದ್ದರು. ನಿಮಗೆ ಗೊತ್ತಲ್ಲ, ನಿಂತು ಮಾತಾಡುವಾಗ ಆ ಕಡೆಗೂ ಈ ಕಡೆಗೂ ತೂಗಾಡುತ್ತಾರೆಂದು ಹುಡುಗರು ಅವರನ್ನು ಲೋಲಕ ಎನ್ನುತ್ತಾರೆ. ಸಭೆಯಲ್ಲಿ ಎಂದೂ ತುಟಿ ಬಿಚ್ಚದ ಸಾಧು ಮನುಷ್ಯ. ಅಂಥವರು ಕೈಯಲ್ಲೊಂದು ಹಾಳೆ ಹಿಡಿದು, ತೂಗಾಡುತ್ತಾ, ಒಂದೇ ಉಸಿರಿನಲ್ಲಿ ಹೇಳಿದ್ದಿಷ್ಟು: “ಸಂಜೆ ವಿಭಾಗದ ಬಗ್ಗೆ ನನಗೆ ಅಪಾರ ಗೌರವವಿದೆ ನೋವಿನಿಂದ ತಡೆದು ಆದರೆ ಕಾಲ ಬದಲಾಗಿದೆ ನಾವೂ ಬದಲಾಗಬೇಕು.”

ನೋವಿನಿಂದ ತಡೆದು!

ನನ್ನ ಕಿವಿ ನೆಟ್ಟಗಾಯಿತು. ಸಭೆಯಲ್ಲಿ ಇನ್ಯಾರಿಗೂ ಏನೂ ಅನಿಸಲಿಲ್ಲ. ಚೀಟಿರಾಯನಂತೂ ಕುಣಿದಾಡಿಬಿಟ್ಟ: “ವಾಹ್! ನೋವಿನಿಂದ ತಡೆದು! ಎಂಥಾ ಮಾತು ಸಾರ್!” ಅದನ್ನೇ ಹಳದಿ ಚೀಟಿಯಲ್ಲಿ ಬರೆದು ಗೋಡೆಯ ನಟ್ಟನಡುವೆ ಅಂಟಿಸಿದ. ಅಲ್ಲಿ ಗೋಂದು ಬಹಳ ಗಟ್ಟಿಯಾಗಿತ್ತು.

ನಾಟಕದ ಗಾಳಿ ಸೋಕದವರಿಗೆ ಗೊತ್ತಾಗುವುದಿಲ್ಲ. ಹಸ್ತಪ್ರತಿಯಲ್ಲಿ ‘ತಡೆದು’ ಎಂದರೆ ಒಂದು ಕ್ಷಣ ಮಾತು ನಿಲ್ಲಿಸು ಎಂದು ನಟನಿಗೆ ಕೊಡುವ ಸೂಚನೆ. ಅದನ್ನು ಕಂಸದೊಳಗೆ ಬರೆಯುತ್ತಾರೆ. ನಟ ಅದನ್ನು ಮಾಡಬೇಕು, ಆಡಬಾರದು. ಭೌತಶಾಸ್ತ್ರದವರು ಪಾಪ, ಆಡಿಬಿಟ್ಟರು. ಯಾರೋ ಬರೆದುಕೊಟ್ಟ ಪಾತ್ರವನ್ನು ಸೂಚನೆಯ ಸಮೇತ ಓದಿಬಿಟ್ಟರು!

ಬರೆದವರು ಯಾರು? ನಾನು ತಲೆ ತಿರುಗಿಸಿದೆ. ನೀವು ಹಿಂದಿನ ಗೋಡೆಗೆ ಒರಗಿ, ಕೈಕಟ್ಟಿ, ಏನೂ ತಿಳಿಯದವರ ಹಾಗೆ ನಿಂತಿದ್ದಿರಿ. ಆದರೆ ನಿಮ್ಮ ತುಟಿ ಅಲುಗುತ್ತಿತ್ತು ರೀ. ಮುಂದಿನ ಮೇಜಿನ ಗಣಿತದ ಮೇಡಂ ಮಾತಾಡಿದಾಗಲೂ ಅಲುಗಿತು, ನಮ್ಮ ಗ್ರಂಥಪಾಲಕರು ಮಾತಾಡಿದಾಗಲೂ ಅಲುಗಿತು. ಪರದೆಯ ಹಿಂದೆ ನಿಂತು ವರ್ಷಗಟ್ಟಲೆ ನಟರಿಗೆ ಮಾತು ಎತ್ತಿಕೊಟ್ಟವಳು ನಾನು. ಬರೆದವನ ತುಟಿ ಅವನ ಮಾತಿನ ಜೊತೆಯೇ ಅಲುಗುತ್ತದೆ ಎಂಬುದು ನನಗೆ ಗೊತ್ತಿಲ್ಲದ್ದೇ?

ನಿನ್ನೆ ಬೆಳಿಗ್ಗೆ ಕರಡು ಯೋಜನೆ ಸೂಚನಾ ಫಲಕಕ್ಕೆ ಬಂದಿದೆ. ಮೊದಲ ಅಂಶ ಓದಿ ನನ್ನ ಕಣ್ಣಿಗೆ ಕತ್ತಲೆ ಬಂತು: ‘ಸಿಬ್ಬಂದಿಯ ಒಮ್ಮತದ ಸಲಹೆಯಂತೆ, ಸಂಜೆ ವಿಭಾಗವನ್ನು ನೋವಿನಿಂದ ತಡೆದು, ಹಗಲಿನ ವಿಭಾಗದಲ್ಲಿ ವಿಲೀನಗೊಳಿಸುವುದು.’ ಮಾತು ತಡೆಯಲು ಕೊಟ್ಟ ಸೂಚನೆ ವಿಭಾಗವನ್ನೇ ತಡೆಯುವ ತೀರ್ಮಾನವಾಗಿ ಕೂತಿದೆ! ಸಮಾರೋಪ ಸಭೆ ಬರುವ ಶುಕ್ರವಾರ. ಅಲ್ಲಿ ಕೈ ಎತ್ತಿದರೆ ಮುಗಿಯಿತು, ಬರುವ ವರ್ಷ ಸಂಜೆಯ ದೀಪ ಆರುತ್ತದೆ.

ಆ ದೀಪದ ಕೆಳಗೆ ಯಾರು ಕೂರುತ್ತಾರೆಂದು ಒಮ್ಮೆ ನೆನೆಸಿಕೊಳ್ಳಿ. ಡ್ಯೂಟಿ ಮುಗಿಸಿ ಸಮವಸ್ತ್ರದಲ್ಲೇ ಬರುವ ಕಂಡಕ್ಟರ್. ಆಸ್ಪತ್ರೆಯ ಆಯಾ, ಕೈ ಎಷ್ಟು ತೊಳೆದರೂ ಔಷಧಿಯ ವಾಸನೆ ಹೋಗುವುದಿಲ್ಲವೆಂದು ಕೊನೆಯ ಬೆಂಚಿನಲ್ಲೇ ಕೂರುತ್ತಾಳೆ. ಬಟ್ಟೆ ಕಾರ್ಖಾನೆಯ ಹೊಲಿಗೆಯಾಕೆ ನಿನ್ನೆ ಸಂಜೆ ಫಲಕ ನೋಡಿ ನನ್ನನ್ನು ಕೇಳಿದಳು: “ಹಗಲು ಮಾಲೀಕ್ರು ಬಿಡಲ್ಲ, ಸಂಜೆ ಕಾಲೇಜು ಬಿಡಲ್ಲ ಅಂದ್ರೆ ನಾನು ಯಾವಾಗ ಓದ್ಲಿ ಮೇಡಂ?” ಯೋಜನಾಧಿಕಾರಿಗಳನ್ನು ಕೇಳಿ ಹೇಳುತ್ತೇನೆ ಎಂದೆ. ನಿಮ್ಮ ಹತ್ತಿರ ಉತ್ತರ ಇರಬೇಕು. ಉತ್ತರಗಳನ್ನು ಮೊದಲೇ ಬರೆದಿಡುವವರು ನೀವು.

ನಾಟಕ ಬಿಟ್ಟು ಕಡತ ಹಿಡಿದ ದಿನದಿಂದ ನಿಮ್ಮ ವಾಕ್ಯಗಳಲ್ಲಿ ಕರ್ತೃ ಕಾಣೆಯಾದ. ಎಲ್ಲವೂ ‘ತೀರ್ಮಾನಿಸಲಾಗಿದೆ’, ‘ಸೂಚಿಸಲಾಗಿದೆ’. ತೀರ್ಮಾನಿಸಿದವನು ಯಾರು, ದೆವ್ವವೇ? ಮನೆ ಬಿಡುವ ದಿನ ಹೊಸ್ತಿಲಲ್ಲಿ ನಿಂತು, “ಬೇರೆ ಮನೆ ನೋಡಲಾಗಿದೆ” ಎಂದಿರಿ. ನಿಮ್ಮ ತಾಯಿ, “ಯಾರೋ ನೋಡಿದ್ದು? ನೀನೋ, ನಿನ್ನ ಕಚೇರಿಯವ್ರೋ?” ಎಂದು ಕೇಳಿದ್ದು ನೆನಪಿದೆಯೇ?

ಒಂದೇ ಪ್ರಶ್ನೆ. ಆ ಹಾಳೆಗಳನ್ನು ಬರೆದವರು ನೀವೇನಾ? ಕರ್ತೃ ಇರುವ ವಾಕ್ಯದಲ್ಲಿ ಉತ್ತರಿಸಿ.

ಇಂತಿ,
ನಿಮ್ಮ ನಾಟಕಗಳಿಗೆಲ್ಲ ಪರದೆಯ ಹಿಂದೆ ನಿಂತವಳು

ಮರೆತ ಮಾತು: ನಿಮ್ಮ ಬೂದು ಸ್ವೆಟರ್ ಇಲ್ಲೇ ಇದೆ. ಅತ್ತೆಯ ಕೈಯಲ್ಲಿ ಕಳಿಸುವುದಿಲ್ಲ. ಚಳಿಯಾದವರು ತಾವೇ ಬಂದು ತೆಗೆದುಕೊಂಡು ಹೋಗಬಹುದು.

•

ಬುಧವಾರ
ಯೋಜನಾ ಕಚೇರಿ

ಸಿಬ್ಬಂದಿ ಕೊಠಡಿಯ ಮಹಾನಟಿಗೆ,

ನಿನ್ನ ಪತ್ರ ಸ್ವೀಕರಿಸಲಾಗಿದೆ. ಓದಲಾಗಿದೆ. ಎರಡು ಕಡೆ ನಗಲಾಗಿದೆ. ಎಲ್ಲಿ ಎಂದು ಹೇಳಲಾಗದು.

ನೀನು ಕೇಳಿದ್ದಕ್ಕೆ ಹೌದು ಅಥವಾ ಇಲ್ಲ ಎಂದು ಬರೆದುಕೊಡುವ ಸ್ಥಿತಿಯಲ್ಲಿ ನಾನಿಲ್ಲ. ನಡೆದದ್ದನ್ನು ಹೇಳಬಲ್ಲೆ. ಸಭೆಗೆ ಮುಂಚೆ ನನಗೊಂದು ಕರೆ ಬಂತು. ‘ನಮ್ಮವ್ರು ನಾಚ್ಕೋತಾರೆ ಕಣ್ರೀ, ಬಾಯಿ ಬಿಡಲ್ಲ. ನೀವು ನಾಟಕ ಬರೀತಿದ್ರಂತಲ್ಲ, ಸ್ವಲ್ಪ ಕೈ ಹಿಡಿದು ನಡೆಸಿ’ ಎಂದರು. ಯಾರು ಎಂದು ಕೇಳಬೇಡ. ಏನು ಹೇಳಿಸಬೇಕೆಂಬುದನ್ನೂ ಅವರೇ ಹೇಳಿದರು. ಅದರಂತೆ ಮಾತಾಡಲು ಅಂಜುವ ಕೆಲವರಿಗೆ ಸಹಾಯ ಒದಗಿಸಲಾಯಿತು. ಇಷ್ಟಕ್ಕೇ ನೀನು ಯುದ್ಧದ ಕಹಳೆ ಊದುತ್ತಿದ್ದೀಯ.

ಇನ್ನು ಕಂಸದ ವಿಚಾರ. ಹೇಗೆ ಹೋಯಿತೋ ತಿಳಿಯದು. ಟೈಪು ಮಾಡುವಾಗ ಬಿದ್ದುಹೋಗಿರಬೇಕು. ಅಂಥವು ಆಗುತ್ತವೆ.

ನಿನ್ನ ಕೆಲಸಕ್ಕೇನೂ ತೊಂದರೆಯಿಲ್ಲ. ಹಗಲಿನ ವಿಭಾಗದಲ್ಲಿ ನಿನಗೆ ಜಾಗ ಇಡಲಾಗಿದೆ. ಸಂಜೆ ಬಸ್ಸಿನಲ್ಲಿ ನಿಂತು ನಿಂತು ಕಾಲು ಊದಿಕೊಳ್ಳುತ್ತದೆ ಎಂದು ಗೊಣಗುತ್ತಿದ್ದವಳು ನೀನೇ. ಈಗ ಹೊತ್ತಿಗೆ ಸರಿಯಾಗಿ ಮನೆ ಸೇರಬಹುದು, ಅಮ್ಮನಿಗೂ ಜೊತೆಯಾಗುತ್ತದೆ. ಇದನ್ನೂ ಸ್ವಲ್ಪ ಯೋಚಿಸು.

ಕೊನೆಯದಾಗಿ ಒಂದು ಮಾತು. ಶುಕ್ರವಾರದ ಸಭೆಗೆ ನೀನು ಬರದಿದ್ದರೆ ಒಳ್ಳೆಯದು. ಬಂದರೂ ಎದ್ದು ನಿಲ್ಲಬೇಡ. ನಿಂತರೂ ಆ ಪದದ ಅರ್ಥ ಕೇಳಬೇಡ. ಅದರಲ್ಲೂ ಭೌತಶಾಸ್ತ್ರದವರನ್ನು ಕೇಳಬೇಡ. ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ.

ಇಂತಿ,
ಯೋಜನಾಧಿಕಾರಿ

ಸೇರಿಸಿದ್ದು: ಪತ್ರದ ಮಡಿಕೆ ತಪ್ಪಿತ್ತು. ಅಮ್ಮ ಓದಿದ್ದಾಳೆ. ಓದಿದ್ದಲ್ಲದೆ, “ಅವಳು ಕೇಳಿದ್ದು ಸರಿಯಾಗೇ ಇದೆ, ನೀನು ನೆಟ್ಟಗೆ ಉತ್ತರ ಬರಿ” ಎಂದು ಎದುರಿಗೇ ಕುರ್ಚಿ ಎಳೆದು ಕೂತಿದ್ದಾಳೆ.

•

ಶನಿವಾರ, ಬೆಳಿಗ್ಗೆ
ಮನೆ

ಒತ್ತಾಯದ ರಜೆಯ ಮೇಲೆ ಮನೆಗೆ ಕಳಿಸಲ್ಪಟ್ಟ ಮಹಾಶಯರಿಗೆ,

ನಿನ್ನೆ ನೀವು ವೇದಿಕೆಯ ಮೇಲಿದ್ದಿರಿ. ಅಲ್ಲಿಂದ ಕಣ್ಣಿಗೆ ಬೆಳಕು ಬಡಿಯುತ್ತದೆ, ಸಭೆ ಕಾಣುವುದಿಲ್ಲ. ಕೆಳಗಿನಿಂದ ಕಂಡದ್ದನ್ನು ಬರೆಯುತ್ತೇನೆ. ನಿಮ್ಮ ತಾಯಿ ಪಕ್ಕದಲ್ಲಿ ಕೂತಿದ್ದಾರೆ. ಒಂದೊಂದು ಸಾಲನ್ನೂ ಓದಿ ಹೇಳುತ್ತಾ ಬರೆಯಬೇಕೆಂದು ಹುಕುಂ ಆಗಿದೆ.

ಬರಬೇಡ ಎಂದಿರಿ, ಬಂದೆ. ಅದೂ ಹೇಗೆ ಬಂದೆ! ನಾಯಕಿಯ ಪಾತ್ರಕ್ಕೆಂದು ತೆಗೆದಿಟ್ಟಿದ್ದ ಕೆಂಪು ಸೀರೆಯುಟ್ಟು, ಸಭೆ ತುಂಬಿದ ಮೇಲೆ, ನಡುದಾರಿಯಲ್ಲಿ. ಚೀಟಿರಾಯ ಅಂತಿಮ ಯೋಜನೆಯನ್ನು ಹೂವಿನ ಬುಟ್ಟಿಯ ಹಾಗೆ ಎತ್ತಿ ಹಿಡಿದುಕೊಂಡಿದ್ದ. ಪ್ರಾಂಶುಪಾಲರು, “ಎಲ್ರೂ ಕೈ ಎತ್ತಿಬಿಡಿ, ಊಟ ಕಾಯ್ತಿದೆ” ಎಂದರು. ಅರ್ಧ ಸಭೆಯ ಕೈ ಮೇಲಕ್ಕೆ ಹೊರಟಿತ್ತು. ಆಗ ನಾನೆದ್ದೆ.

“ಒಂದು ಸಣ್ಣ ಸಂಶಯ. ಮೊದಲ್ನೇ ಅಂಶದಲ್ಲಿ ‘ನೋವಿನಿಂದ ತಡೆದು’ ಅಂತಿದೆಯಲ್ಲ, ಯಾರ ನೋವು? ತಡೆದದ್ದು ಏನನ್ನ? ಭಾಷೆ ಪಾಠ ಮಾಡೋಳು, ಅರ್ಥ ಆಗ್ದೆ ಕೈ ಎತ್ತಿದ್ರೆ ನನ್ನ ವಿದ್ಯಾರ್ಥಿಗಳು ನಗ್ತಾರೆ.”

ಚೀಟಿರಾಯ ಹಲ್ಲು ಕಿರಿದ: “ಅದು ಭಾವನೆ ಮೇಡಂ. ಸರ್ ಅವರ ಮಾತು.” ಭೌತಶಾಸ್ತ್ರದವರ ಕಡೆ ಬೆರಳು ತೋರಿಸಿದ.

ಸಭೆಯ ಕಣ್ಣೆಲ್ಲ ಅತ್ತ ಹೊರಳಿತು. ಅವರು ಎದ್ದರು. ಆ ಕಡೆ ತೂಗಿದರು, ಈ ಕಡೆ ತೂಗಿದರು. ಆಮೇಲೆ ಅವರ ತೂಗಾಟ ನಿಂತುಹೋಯಿತು. ಅವರು ನೆಟ್ಟಗೆ ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು. “ಅದು ನನ್ನ ಮಾತಲ್ಲ ಮೇಡಂ. ಹಾಳೇಲಿತ್ತು. ಓದಿ ಅಂದ್ರು, ಓದ್ದೆ. ಅರ್ಥ ನಂಗೂ ಆಗ್ಲಿಲ್ಲ, ಕೇಳಿದ್ರೆ ದಡ್ಡ ಅಂದ್ಕೋತಾರೇನೋ ಅಂತ ಸುಮ್ಮನಾದೆ.”

ಗಣಿತದ ಮೇಡಂ ಮೆಲ್ಲಗೆ ಎದ್ದರು. “ನನ್ನ ಹಾಳೇಲಿ ‘ಕಣ್ಣೊರೆಸಿಕೊಂಡು’ ಅಂತ ಇತ್ತು. ನಾನು ಓದ್ಲಿಲ್ಲ. ಒರೆಸ್ಕೊಂಡೆ.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಗ್ರಂಥಪಾಲಕರು ಅಭ್ಯಾಸಬಲದಿಂದ ಅವರಿಗೆ ‘ಶ್’ ಎಂದು, ಆಮೇಲೆ ತಾವೇ ಎದ್ದು ಪಿಸುದನಿಯಲ್ಲಿ ಹೇಳಿದರು: “ನನ್ನದ್ರಲ್ಲಿ ‘ಧ್ವನಿ ಏರಿಸಿ’ ಅಂತಿತ್ತು. ನನ್ನ ಕೈಲಿ ಆಗ್ಲಿಲ್ಲ. ಕ್ಷಮಿಸಿ.”

ಅಬ್ಬಬ್ಬಾ, ಆ ನಗೆ! ತಡೆಯೊಡೆದ ನೀರಿನ ಹಾಗೆ ಸಭೆ ನಕ್ಕಿತು. ನಕ್ಕು ನಕ್ಕು, ನಗೆ ಇಳಿಯುತ್ತಾ ಬಂದ ಹಾಗೆ ಜನರ ಮುಖ ಬಿಗಿಯತೊಡಗಿತು. ನಮ್ಮ ಬಾಯಲ್ಲಿ ನಮ್ಮದಲ್ಲದ ಮಾತಿತ್ತು ಎಂಬುದು ಮನಸ್ಸಿಗೆ ಇಳಿಯುವುದಕ್ಕೆ ಅಷ್ಟು ಹೊತ್ತು ಬೇಕಾಯಿತೇನೋ. “ಹಾಗಾದ್ರೆ ಒಮ್ಮತ ಅಂತ ಬರೆದ್ರಲ್ಲ, ಯಾರ ಒಮ್ಮತ ಸ್ವಾಮಿ?” ಎಂದು ಇತಿಹಾಸದವರು ಕೂಗಿದರು. “ನಮ್ಮನ್ನ ಕರೆಸಿದ್ದು ಬಿಸ್ಕತ್ ತಿನ್ನೋಕಾ?” ಎಂದು ಇನ್ನೊಬ್ಬರು.

ಪ್ರಾಂಶುಪಾಲರು ಮೇಜು ಗುದ್ದಿದರು. “ಏನ್ರೀ ಇದೆಲ್ಲ? ಯಾರ್ರೀ ಬರೆದದ್ದು?” ಅಷ್ಟು ಚೆನ್ನಾಗಿ ಬೆರಗು ನಟಿಸುವವರು ನಮ್ಮ ತಂಡದಲ್ಲೂ ಇರಲಿಲ್ಲ.

ನೀವು ಎದ್ದಿರಿ. “ಬರೆದವನು ನಾನು ಸರ್.”

ಅಲ್ಲಿಗೆ ಅವರು ಬಾಯಿ ಮುಚ್ಚಿಕೊಂಡಿದ್ದರೆ ಬಚಾವಾಗುತ್ತಿದ್ದರು. ಕೋಪದ ಭರದಲ್ಲಿ ಕೇಳಿಯೇಬಿಟ್ಟರು: “ನಿಮಗೆ ಯಾರ್ರೀ ಹೇಳಿದ್ದು ಬರೀರಿ ಅಂತ?”

ನೀವು ಕನ್ನಡಕ ತೆಗೆದಿರಿ, ಒರೆಸಿದಿರಿ, ಹಾಕಿಕೊಂಡಿರಿ. “ಅದನ್ನ ಇಲ್ಲೇ ಹೇಳ್ಲಾ ಸರ್?”

ಆ ದೊಡ್ಡ ಮುಖ ಬಿಳುಚಿಕೊಂಡಿತು. “ಟೀ!” ಎಂದು ಕೂಗಿದರು. “ಎಲ್ರೂ ಟೀ ಕುಡೀರಿ!” ಊಟದ ಹೊತ್ತಿನಲ್ಲಿ ಟೀ! ಈ ಸಾಲನ್ನು ನಿಮ್ಮ ತಾಯಿ ಮತ್ತೆ ಓದಿಸಿಕೊಂಡು, ಸೆರಗು ಬಾಯಿಗಿಟ್ಟು ನಗುತ್ತಿದ್ದಾರೆ.

ಆಮೇಲಿನದು ನೀವು ನೋಡಲಿಲ್ಲ. ಅಷ್ಟರಲ್ಲಿ ನಿಮ್ಮನ್ನು ಮನೆಗೆ ಹೋಗಿ ಎಂದಿದ್ದರು. ಯಾರೂ ಟೀ ಕುಡಿಯಲಿಲ್ಲ. ಮೇಜುಗಳನ್ನು ಬದಿಗೆ ತಳ್ಳಿ ನಿಂತೇ ಮಾತಾಡಿದರು. ಕಿರುಚಾಟ, ಆರೋಪ, ಹಳೆಯ ಹಗೆ, ಎಲ್ಲ ಹೊರಬಿತ್ತು. ಸಂಜೆ ವಿಭಾಗ ಬೇಡ ಎನ್ನುವವರೂ ಇದ್ದಾರೆ ರೀ, ನಿಜವಾಗಿಯೇ ಬೇಡ ಎನ್ನುವವರು. ವಾಣಿಜ್ಯದವರು ನನ್ನ ಮುಖಕ್ಕೇ ಹೇಳಿದರು: “ಕೊಠಡಿ ಸಾಲ್ತಿಲ್ಲ ಮೇಡಂ. ನಿಮ್ಮವ್ರಿಗೆ ರಾತ್ರಿ ಬಾಗಿಲು ಕಾಯೋಕೆ ನಮ್ಮವ್ರು ಉಳೀಬೇಕು.” ಕೇಳಿ ಸಿಟ್ಟು ಬಂತು. ಆದರೂ ಅದು ಅವರದೇ ಮಾತಾಗಿತ್ತು. ಅದಕ್ಕೆ ಎದುರು ನಿಂತು ಉತ್ತರ ಕೊಡಬಹುದಿತ್ತು, ಕೊಟ್ಟೆ. ಕೊನೆಗೆ ಕರಡನ್ನು ವಾಪಸು ಕಳಿಸುವುದೆಂದೂ, ಮುಂದಿನ ಸಭೆ ಸಂಜೆಯೇ ನಡೆಯಬೇಕೆಂದೂ, ಸಂಜೆಯ ಅಧ್ಯಾಪಕರೂ ವಿ‌ದ್ಯಾರ್ಥಿಗಳೂ ಬಂದು ಕೂರಬೇಕೆಂದೂ ಆಯಿತು. ವಿಭಾಗ ಉಳಿಯಿತು ಎನ್ನಲಾರೆ. ಅದಕ್ಕೂ ಮಾತಾಡುವ ಅವಕಾಶ ಸಿಕ್ಕಿತು, ಅಷ್ಟೇ.

ಇನ್ನು ನಿಮ್ಮ ವಿಚಾರ. ನಿನ್ನೆಯಿಂದ ನನ್ನ ತಲೆ ಗಿರಣಿಯಾಗಿದೆ.

ನಿಮ್ಮ ಹಸ್ತಪ್ರತಿಗಳಲ್ಲಿ ಕಂಸ ಬಿದ್ದುಹೋದದ್ದನ್ನು ನಾನು ಕಂಡಿಲ್ಲ. ಅಲ್ಪವಿರಾಮ ತಪ್ಪಿದರೆ ಅನ್ನ ಬಿಡುತ್ತಿದ್ದ ಪ್ರಾಣಿ ನೀವು. ಆ ಮೂವರ ಹಾಳೆಗಳನ್ನೂ ಇಸಿದುಕೊಂಡು ನೋಡಿದೆ, ಒಂದರಲ್ಲೂ ಕಂಸವಿರಲಿಲ್ಲ. ಅದು ಟೈಪಿನ ತಪ್ಪೇ? ಅಥವಾ, ರಂಗ ಹತ್ತದ ಈ ಜನ ಎಲ್ಲವನ್ನೂ ಗಟ್ಟಿಯಾಗಿ ಓದಿಬಿಡುತ್ತಾರೆ, ಸಭೆಯಲ್ಲಿ ಕೂತ ಒಬ್ಬಳ ಕಿವಿಗೆ ಅದು ಬಿದ್ದೇ ಬೀಳುತ್ತದೆ ಎಂದು ಗೊತ್ತಿದ್ದೇ ಬರೆದಿರೋ? ಆಮೇಲೆ ಆ ಪತ್ರ. ಬರಬೇಡ, ನಿಲ್ಲಬೇಡ, ಕೇಳಬೇಡ, ಅವರನ್ನಂತೂ ಕೇಳಲೇಬೇಡ! ನೀವು ಬೇಡ ಎಂದದ್ದನ್ನು ಮಾಡದೆ ಬಿಟ್ಟವಳೇ ನಾನು? ಅದು ಹೆದರಿಕೆಯ ಪತ್ರವೋ, ಪರದೆಯ ಹಿಂದಿನಿಂದ ನನಗೆ ಎತ್ತಿಕೊಟ್ಟ ಮಾತೋ?

ಹೀಗೆ ಯೋಚಿಸಿದಾಗ ನನ್ನ ಎದೆ ಅರಳುತ್ತದೆ. ಮರುಕ್ಷಣವೇ ಅನುಮಾನ ಹೆಡೆ ಎತ್ತುತ್ತದೆ. ಅಷ್ಟು ಒಳ್ಳೆಯವರಾಗಿದ್ದರೆ ಮೊದಲೇ ಬರೆಯುವುದಿಲ್ಲ ಎನ್ನಬಹುದಿತ್ತಲ್ಲ? ‘ಇಲ್ಲೇ ಹೇಳ್ಲಾ’ ಎಂದು ಕೇಳಿದಿರಿ, ಆದರೆ ಹೇಳಲಿಲ್ಲ. ಅದು ಧೈರ್ಯವೋ, ನಿಮ್ಮ ಕುರ್ಚಿ ಉಳಿಸಿಕೊಳ್ಳಲು ಅವರ ಮುಂದೆ ಹಿಡಿದ ಬೆದರಿಕೆಯೋ? ನಾಳೆ ಅವರು ಗುಟ್ಟಾಗಿ ಕರೆದು ಬೆನ್ನು ತಟ್ಟಿದರೆ ನೀವು ಮತ್ತೆ ಮೆಟ್ಟಿಲು ಹತ್ತಿ ಹೋಗಿ ಕೂರುವುದಿಲ್ಲ ಎಂದು ನಾನು ಹೇಗೆ ನಂಬಲಿ?

ನಿಮ್ಮ ತಾಯಿಯನ್ನು ಕೇಳಿದೆ. “ಅತ್ತೆ, ನಿಮ್ಮ ಮಗ ಬೇಕಂತ್ಲೇ ಮಾಡಿದ್ರಾ?” ಅವರು ಅಂದರು: “ಒಳ್ಳೇದು ಮಾಡ್ಬೇಕು ಅಂದ್ರೂ ಅವನಿಗೆ ಹಿಂದಿನ ಬಾಗಿಲೇ ಬೇಕು ಕಣೇ. ಚಿಕ್ಕೋನಿದ್ದಾಗಿಂದ ಹಾಗೇ. ನಂಬೋದಾ ಬಿಡೋದಾ ನಿಂಗೆ ಬಿಟ್ಟಿದ್ದು.” ಹೆತ್ತವರಿಗೇ ತೀರ್ಪು ಕೊಡಲಾಗದ ಮೇಲೆ ನನ್ನಿಂದೇನಾದೀತು?

ಆದರೂ ನಾಳೆ ಮಧ್ಯಾಹ್ನ ಊಟಕ್ಕೆ ಬನ್ನಿ. ಒಬ್ಬರೇ ಕೂತು ಬ್ರೆಡ್ಡು ಅಗಿಯುತ್ತಿದ್ದೀರೆಂದು ವರದಿ ಬಂದಿದೆ. ಬಾಗಿಲು ತೆರೆದಿರುತ್ತದೆ. ಮುಂದಿನ ಬಾಗಿಲು.

ಇಂತಿ,
ನಂಬಲಾರದ, ಬಿಡಲೂ ಆರದ
ನಿಮ್ಮ ಹೆಂಡತಿ

ಮರೆತ ಮಾತು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಕೊನೆಯವರೆಗೆ ಎಳೆದದ್ದು. ಈ ಸಾಲುಗಳನ್ನು ಅತ್ತೆಗೆ ಓದಿ ಹೇಳಿಲ್ಲ. ನಿನ್ನೆ ಸಿಬ್ಬಂದಿಯವರೇ ಸೇರಿ ಹೊಸ ಯೋಜನಾ ಸಮಿತಿ ಆರಿಸಿದರು. ಸಂಜೆ ವಿಭಾಗದ ಪರವಾಗಿ ನನ್ನನ್ನು ಕೂರಿಸಿದ್ದಾರೆ. ಯೋಜನೆಗೆ ಕೈ ಹಾಕುವ ಮೊದಲು ಆ ಹಾಳೆಗಳನ್ನು ಬರೆದವರನ್ನೂ ಬರೆಸಿದವರನ್ನೂ ಸಭೆಗೆ ಕರೆಸಿ ವಿಚಾರಿಸಬೇಕೆಂದು ಬೇಡಿಕೆ ಇಟ್ಟಿದ್ದೇವೆ. ಅದರ ಕೆಳಗೆ ಮೊದಲ ಸಹಿ ನನ್ನದು. ಮಂಗಳವಾರ ಸಂಜೆಯ ಸಭೆಗೆ ನಿಮಗೆ ಕರೆ ಬರುತ್ತದೆ, ಪ್ರಶ್ನೆ ಕೇಳುವವಳು ನಾನೇ. ನಾಳೆ ಊಟಕ್ಕೆ ಕೂತಾಗ ಕಂಸದ ಗುಟ್ಟನ್ನು ನನ್ನ ಕಿವಿಯಲ್ಲಿ ಹೇಳಬೇಡಿ; ಹೇಳಿದರೂ ನಂಬುವುದಿಲ್ಲ. ಬೇಕೆಂದೇ ಮಾಡಿದಿರೋ, ಕೈತಪ್ಪಿ ಆಯಿತೋ, ಹೇಳಿದ್ದು ಯಾರೋ, ಎಲ್ಲವನ್ನೂ ಅಲ್ಲೇ ಹೇಳಿ. ಕೆಲಸ ಹೋಗಬಹುದು, ಗೊತ್ತು. ಮುಂದಿನ ಸಾಲಿನಲ್ಲಿ ಸಂಜೆಯ ವಿದ್ಯಾರ್ಥಿಗಳು ಕೂತಿರುತ್ತಾರೆ. ಹೇಳುವಾಗ ನನ್ನ ಮುಖ ನೋಡಬೇಡಿ, ಅವರ ಮುಖ ನೋಡಿ.